ಕುಣಿಯ ಮೇಲಿನ ಗಾಡಿ

ಶಿವನಂಜಯ್ಯನನ್ನು ಹುಚ್ಚ ಅಂದವರ ಹೆಸರು ಬರೆಯುತ್ತಾ ಕೂತರೆ ಒಂದು ದಸ್ತು ಕಾಗದ ಸಾಲದು. ಅದರಲ್ಲಿ ಮೊದಲನೇ ಹೆಸರು ಅವನ ಹೆಂಡತಿ ಚನ್ನಾಜಮ್ಮನದೇ. ಅಂದದ್ದು ತಪ್ಪೂ ಅಲ್ಲ ಬಿಡಿ. ಇಪ್ಪತ್ತೊಂಬತ್ತು ವರ್ಷ ರೇಷ್ಮೆ ಸೀರೆ ನೇಯ್ದ ಮನುಷ್ಯ ಒಂದು ಬೆಳಿಗ್ಗೆ ಎದ್ದು, ಮಗ್ಗ ಬಿಚ್ಚಿ ಮೂಲೆಗೆ ಒರಗಿಸಿ, ಬೀದಿ ಕಡೆಯ ಮಣ್ಣಿನ ಗೋಡೆಯನ್ನು ಹಾರೆ ಹಾಕಿ ಕೆಡವಿ, ಒಂದು ಮುರುಕಲು ಬಸ್ಸಿನ ಮೂಳೆಗೂಡನ್ನು ಎರಡು ಜೊತೆ ಎತ್ತು ಕಟ್ಟಿಸಿ ಮನೆಯೊಳಕ್ಕೆ ಎಳೆಸಿದರೆ, ಯಾವ ಹೆಂಡತಿ ತಾನೆ ಆರತಿ ಎತ್ತುತ್ತಾಳೆ?

ಇದು ಸಾವಿರದ ಒಂಬೈನೂರ ಐವತ್ತೆರಡನೇ ಇಸವಿಯ ಮಾತು. ಕೊಳ್ಳೇಗಾಲ ಆಗಿನ್ನೂ ಮದರಾಸು ಸರ್ಕಾರದ್ದು, ಕೊಯಮತ್ತೂರು ಜಿಲ್ಲೆಗೆ ಸೇರಿದ್ದು. ಪಕ್ಕದ ಯಳಂದೂರು ಮೈಸೂರು ಸರ್ಕಾರದ್ದು. ಹೆಣ್ಣು ತರುವುದು ಅಲ್ಲಿಂದ, ಅರ್ಜಿ ಕೊಡುವುದು ಕೊಯಮತ್ತೂರಿಗೆ. ಹೀಗಿತ್ತು ನಮ್ಮ ಬಾಳು. ನೇಕಾರರ ಬೀದಿಯಲ್ಲಿ ಮನೆಗೊಂದು ಮಗ್ಗ, ಮಗ್ಗಕ್ಕೊಂದು ಕುಣಿ. ನಮ್ಮ ಕಡೆಯ ಮಗ್ಗ ನೆಲಕ್ಕೆ ಅಂಟಿಕೊಂಡಿರುತ್ತದೆ. ನೆಲ ಅಗೆದು ಸೊಂಟದುದ್ದ ಗುಂಡಿ ಮಾಡಿ, ಅದರೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕೂತು ನೇಯಬೇಕು. ಗುಂಡಿಯ ತಳದಲ್ಲಿ ಎರಡು ತುಳಿಮಣೆ. ಬಲಗಾಲು ಒತ್ತಿದರೆ ಎಡಗಾಲು ಏಳಬೇಕು, ಲಾಳಿ ಓಡಬೇಕು. ಎಡಗಾಲು ಒತ್ತಿದರೆ ಬಲಗಾಲು ಏಳಬೇಕು, ಲಾಳಿ ಮರಳಬೇಕು. ಸೂರ್ಯ ಹುಟ್ಟಿ ಮುಳುಗುವ ತನಕ ಅದೇ. ಈ ಗುಂಡಿಗೆ ಕುಣಿ ಅನ್ನುತ್ತೇವೆ. ಹೆಣ ಇಳಿಸುವ ಗುಂಡಿಗೂ ಕುಣಿ ಅಂತಲೇ ಅನ್ನುತ್ತೇವೆ. ಬೇರೆ ಪದ ಹುಡುಕುವಷ್ಟು ಪುರುಸೊತ್ತು ನಮ್ಮ ಹಿರಿಯರಿಗೆ ಇರಲಿಲ್ಲವೇನೋ.

ಶಿವನಂಜಯ್ಯನ ಅಪ್ಪ ಆ ಕುಣಿಯಲ್ಲಿ ಕಾಲು ಬಿಟ್ಟುಕೊಂಡೇ ಸತ್ತದ್ದು. ಮಧ್ಯಾಹ್ನ ಊಟಕ್ಕೆ ಕರೆದರೆ ಏಳಲಿಲ್ಲ, ಹೋಗಿ ನೋಡಿದರೆ ಸೀರೆಯ ಮೇಲೆ ಮುಖ ಇಟ್ಟಿದ್ದಾನೆ. ಒಂದು ಕುಣಿಯಿಂದ ಎತ್ತಿ ಇನ್ನೊಂದಕ್ಕೆ ಇಳಿಸಿದರು. ಮಾರನೇ ವಾರ ಅದೇ ಮಣೆಯ ಮೇಲೆ ಶಿವನಂಜಯ್ಯ ಕೂತ. ಆಗ ಅವನಿಗೆ ಹದಿನೆಂಟು. ಈಗ ನಲವತ್ತೇಳು. ಕುಣಿಯ ಥಂಡಿ ಮಂಡಿಗೆ ಹತ್ತಿ, ಎರಡು ಮಂಡಿಯೂ ಊದಿ ಗುಳ್ಳದ ಬದನೆಕಾಯಿಯಂತಾಗಿದ್ದವು. ಆಸ್ಪತ್ರೆಯ ಡಾಕ್ಟರು ಒತ್ತಿ ನೋಡಿ, "ಗುಂಡಿಗೆ ಇಳಿಯೋದು ಬಿಡಪ್ಪ, ಇಲ್ಲಾಂದ್ರೆ ತೆವಳೋ ಹಾಗಾಗ್ತೀಯ" ಅಂದಿದ್ದರು. ಅವತ್ತೇ ಅವನು ಹೆಂಡತಿಗೆ ಹೇಳಿದ:

"ಚನ್ನಾಜಿ, ಅಪ್ಪನಂಗ ನಾನು ಕುಣೀಲಿ ಸಾಯಕ್ಕಿಲ್ಲ. ಒಂದು ಮೋಟಾರ್ ಕಟ್ತೀನಿ. ನಾನೇ ಕಟ್ತೀನಿ, ನಾನೇ ಓಡುಸ್ತೀನಿ. ಅನೂರ್ ಕಡೆಯಿಂದ ರೇಸ್ಮೆ ಗೂಡು ಏರ್ಕಂಡು ಬತ್ತೀನಿ."

"ಕಟ್ಟದಾ? ಗುಡ್ಲು ಕಟ್ಟಂಗ?" ಅಂದಳು ಅವಳು.

ಹನೂರಿನಲ್ಲಿ ಗುರುಮಲ್ಲಪ್ಪ ಅಂತ ಒಬ್ಬರು ಸಾಹುಕಾರರಿದ್ದರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಿದ್ದಾಗ ಅವರದೊಂದು ಇದ್ದಿಲು ಬಸ್ಸು ಕೊಳ್ಳೇಗಾಲಕ್ಕೂ ಹನೂರಿಗೂ ಓಡುತ್ತಿತ್ತು. ಹಿಂದೆ ದೊಡ್ಡ ಡ್ರಮ್ಮು, ಅದರೊಳಗೆ ಕೆಂಡ, ಆ ಹೊಗೆಯಲ್ಲೇ ಇಂಜಿನ್ನು ನಡೆಯಬೇಕು. ದಿಣ್ಣೆ ಬಂದರೆ ಜನವೆಲ್ಲ ಇಳಿದು ತಳ್ಳಬೇಕು. ಯುದ್ಧ ಮುಗಿದ ಮೇಲೆ ಅದನ್ನು ಹುಣಸೆಮರದ ಕೆಳಗೆ ನಿಲ್ಲಿಸಿದವರು ಮತ್ತೆ ತಿರುಗಿ ನೋಡಿರಲಿಲ್ಲ. ಇಂಜಿನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು, ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದವು. ಶಿವನಂಜಯ್ಯ ಹೋಗಿ ಅದನ್ನು ಕೇಳಿದ. ಗುರುಮಲ್ಲಪ್ಪನವರು ನಕ್ಕು, ಮಗಳ ಧಾರೆಗೆ ಒಂದು ಸೀರೆ ನೇಯ್ದು ಕೊಟ್ಟು ಹೊತ್ತುಕೊಂಡು ಹೋಗು ಅಂದರು. ಕುಣಿಯಲ್ಲಿ ಕೂತು ಅವನು ನೇಯ್ದ ಕೊನೆಯ ಸೀರೆ ಅದು: ಗಿಳಿಹಸಿರು ಒಡಲು, ಕೆಂಪು ಅಂಚು, ಅಂಚಿನೊಳಗೆ ಜರಿಯ ಎರಡು ಎಳೆ.

ಮೂಳೆಗೂಡು ಮನೆಯೊಳಕ್ಕೆ ಬಂದ ದಿನ ಚನ್ನಾಜಮ್ಮ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ಮನೆ ಒಳಿಕ್ಕ ಬಸ್ಸು ತಂದ್ರ ನಾ ಎಲ್ಲಿ ಅನ್ನ ಬೇಯ್ಸ್ಲಿ? ಇಂಜಿನ್ ಮ್ಯಾಲ?"

"ಇಂಜಿನ್ ಎಲ್ಲದ ಅದ್ರಲ್ಲಿ?" ಅಂದ ಅವನು, ಮೆಲ್ಲಗೆ.

ಒಳಗೆ ಏಕೆ ತಂದ ಅಂದರೆ, ಗಾಡಿ ಕೆಲಸಕ್ಕೆ ಕೆಳಗೊಂದು ಗುಂಡಿ ಬೇಕು. ಅಡಿಯಲ್ಲಿ ನಿಂತು ತಲೆಯ ಮೇಲೆ ಕೈಯಾಡಿಸಬೇಕು. ಊರಿನಲ್ಲಿ ಅಂಥ ಗುಂಡಿ ಎಲ್ಲಿದೆ? ಅವನ ಮನೆಯಲ್ಲೇ ಇದೆ! ಮಗ್ಗದ ಕುಣಿಯನ್ನೇ ಎರಡು ಮೊಳ ಉದ್ದ ಮಾಡಿ, ಇನ್ನೊಂದು ಮೊಳ ಆಳ ತೆಗೆದು, ಅದರ ಮೇಲೆ ಗಾಡಿ ನಿಲ್ಲಿಸಿದ. ಕುಣಿ ಬಿಟ್ಟು ಏಳಬೇಕು ಅಂತ ಹೊರಟವನು ಇನ್ನೂ ಆಳದ ಕುಣಿಗೆ ಇಳಿದ. ಇದನ್ನು ಅವನಿಗೆ ಹೇಳಿದವರೂ ಉಂಟು. ಹೇಳಿದವರ ಕಡೆ ಒಂದು ಸಲ ನೋಡಿ ಮತ್ತೆ ತಲೆ ಒಳಗೆ ಹಾಕುತ್ತಿದ್ದ, ಅಷ್ಟೆ.

ಜೊತೆಗಾರ ಅಂತ ಒಬ್ಬನಿದ್ದ, ಪುಟ್ಟಸಿದ್ದಯ್ಯ. ಹನೂರಿನವನು, ಶಿವನಂಜಯ್ಯನಿಗಿಂತ ಹತ್ತು ವರ್ಷ ಚಿಕ್ಕವನು, ಯುದ್ಧದಲ್ಲಿ ಬರ್ಮಾ ಗಡಿಯವರೆಗೆ ಮಿಲಿಟರಿ ಲಾರಿ ಓಡಿಸಿ ಬಂದವನು. ಊರಲ್ಲಿ ಅವನಿಗೆ ಸ್ವಂತ ಗಾಡಿಯಿಲ್ಲ, ಯಾರು ಕರೆದರೆ ಅವರದು ಓಡಿಸುತ್ತಿದ್ದ. ಮೈಸೂರಿನ ಗುಜರಿಯೊಂದರಲ್ಲಿ ಮಿಲಿಟರಿ ಹರಾಜಿನ ಇಂಜಿನ್ನು ಹುಡುಕಿ, ಗೇರು ಪೆಟ್ಟಿಗೆ ಸಮೇತ ಎತ್ತಿನ ಗಾಡಿಯಲ್ಲಿ ಹಾಕಿಸಿಕೊಂಡು ಬಂದವನು ಅವನೇ. ಸಂತೆಯ ದಿನ ಬರುತ್ತಿದ್ದ, ಕುಣಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಬೀಡಿ ಹಚ್ಚಿ, "ಅಣ್ಣಯ್ಯ, ಆ ಬೋಲ್ಟು ಉಲ್ಟಾ ಆಕಿದ್ದೀರಿ" ಅನ್ನುತ್ತಿದ್ದ. ಏಳು ದಿನದ ಕೆಲಸ ಒಂದು ಮಾತಿಗೆ ಬಿಚ್ಚಬೇಕಾಗುತ್ತಿತ್ತು.

ಬಸ್ಸು ಉದ್ದ, ಮನೆ ಗಿಡ್ಡ. ಮನೆಗೆ ತಕ್ಕ ಹಾಗೆ ಗಾಡಿಯನ್ನೇ ಕತ್ತರಿಸಿದರು. ಗಾಡಿಯ ಅಡಿಕಟ್ಟಾದ ಚಾಸಿ ಕತ್ತರಿಸಿದ ಮೇಲೆ ಅದರ ಅಡಿಯ ಷಾಫ್ಟನ್ನೂ ಅಷ್ಟೇ ಗಿಡ್ಡ ಮಾಡಬೇಕಲ್ಲ? ಇಂಜಿನ್ನಿನ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವುದೇ ಅದರಲ್ಲಿ. ಶಿವನಂಜಯ್ಯ ನೇಕಾರ, ಅವನಿಗೆ ಗೊತ್ತಿದ್ದ ಅಳತೆ ತನ್ನ ಮೊಳಕೈ. "ಒಂದೂವರೆ ಮೊಳ ತೆಗೆದಾಕಿ" ಅಂತ ಕುಲುಮೆಯ ಆಚಾರಿಗೆ ಹೇಳಿ ಕಳಿಸಿದ. ಆಚಾರಿ ತನ್ನ ಮೊಳದಲ್ಲಿ ಅಳೆದ. ಆಚಾರಿಯೋ ಆರಡಿ ಆಳು, ಕೈ ಎರಡೂ ಮಂಡಿ ಮುಟ್ಟುತ್ತಿದ್ದವು. ಷಾಫ್ಟು ನಾಲ್ಕು ಬೆರಳು ಗಿಡ್ಡವಾಗಿ ಬಂತು! ಇಬ್ಬರೂ ತಮ್ಮ ತಮ್ಮ ಮೊಳಕೈ ಜೋಡಿಸಿ ನೋಡಿಕೊಂಡು, ತಪ್ಪು ಯಾರದು ಅಂತ ಒಂದು ವಾರ ಜಗಳ ಆಡಿದರು. ಮತ್ತೆ ತುಂಡು ಸೇರಿಸಿ ಬೆಸೆಯುವಷ್ಟರಲ್ಲಿ ಮಳೆಗಾಲ ಬಂತು, ಕುಣಿಯಲ್ಲಿ ನೀರು ನಿಂತಿತು.

ಹೀಗೇ ವರ್ಷ ಉರುಳಿತು, ಎರಡಾಯಿತು. ಕಟ್ಟಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಬೆಳಿಗ್ಗೆ ಕುಣಿಗೆ ಇಳಿದರೆ ಬಾಯಿಗೆ ತುಕ್ಕು ಉದುರುತ್ತಿತ್ತು, ಸಂಜೆ ಮೇಲೆ ಬರುವಾಗ ಚನ್ನಾಜಮ್ಮ ಕಂಕುಳಿಗೆ ಕೈ ಕೊಟ್ಟು ಎಳೆಯಬೇಕಿತ್ತು. ಅವಳು ಬೀದಿಯ ಬೇರೆ ಮಗ್ಗಗಳಿಗೆ ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತಿಕೊಟ್ಟು ಮನೆ ನಡೆಸುತ್ತಿದ್ದಳು. ರಾಟೆ ತಿರುಗಿಸುತ್ತಾ, ಗಾಡಿಯ ಅಡಿಯಿಂದ ಕಾಣುವ ಗಂಡನ ತಲೆಯನ್ನು ನೋಡುತ್ತಾ ಕೂತಿರುತ್ತಿದ್ದಳು. ಬೈಯುವುದನ್ನೂ ಬಿಟ್ಟಿದ್ದಳು. ಬೈಯುವಾಗ ಎಷ್ಟೋ ವಾಸಿಯಾಗಿತ್ತು ಅಂತ ಅವನಿಗೆ ಅನ್ನಿಸುತ್ತಿತ್ತು. ಬೇಸತ್ತು ಹೋಗಿದ್ದ ಮನುಷ್ಯ; ಆದರೆ ಬೇಸರ ಹೇಳಿಕೊಂಡರೆ ಮರಳಿ ಮಗ್ಗ ಹೂಡು ಅಂತ ಎಲ್ಲಿ ಅಂದುಬಿಡುತ್ತಾಳೋ ಅಂತ ಬಾಯಿ ಬಿಡುತ್ತಿರಲಿಲ್ಲ.

ಗಾಡಿಯ ಮೈ ಕಟ್ಟಲು ಮರ ಬೇಕಾದಾಗ ಅವಳೇ ಮೂಲೆಯ ಕಡೆ ತೋರಿಸಿದಳು. ಅಲ್ಲಿ ಬಿಚ್ಚಿಟ್ಟ ಮಗ್ಗ ಒರಗಿತ್ತು: ತೇಗದ ಕಂಬ, ಅಡ್ಡಪಟ್ಟಿ, ಸೀರೆ ಸುತ್ತುವ ಕುಂಟೆ, ಅಜ್ಜನ ಕಾಲದ್ದು.

"ಅದ ಕುಯ್ದ್ಬುಟ್ರ ತಿರ್ಗ ಮಗ್ಗ ಇರಲ್ಲ ಕಣೆ," ಅಂದ.

"ಅದ್ಕೇ ತೋರುಸ್ತಾ ಇರದು. ಅದು ಕಣ್ಣೆದುರ್ಗಿದ್ರ ನಿಮ್ಗ ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ. ಕುಯ್ರಿ."

ಕುಯ್ದ. ಮಗ್ಗದ ಕಂಬಗಳೇ ಗಾಡಿಯ ನಾಲ್ಕು ಮೂಲೆಯಾದವು, ಕುಂಟೆ ಡ್ರೈವರ್ ಸೀಟಿನ ಬೆನ್ನಿನ ಪಟ್ಟಿಯಾಯಿತು. ತಗಡು ಬಡಿದು, ಗಿಳಿಹಸಿರು ಬಣ್ಣ ಬಳಿದು, ಕೆಳಗೆ ಸುತ್ತಲೂ ಕೆಂಪು ಅಂಚು ಎಳೆದು, ಅಂಚಿನೊಳಗೆ ಹಳದಿಯಲ್ಲಿ ಎರಡು ಗೆರೆ ಕೈಬೀಸಿ ಎಳೆದ. ದಾರ ಹಿಡಿದಷ್ಟು ನೇರವಾಗಿ ಬಂತು. ಬೀದಿಯವರು ಅದಕ್ಕೆ ಸೀರೆ ಗಾಡಿ ಅಂತ ಹೆಸರಿಟ್ಟರು. ಐವತ್ತೈದರ ಶುರುವಿನಲ್ಲಿ ಹ್ಯಾಂಡಲು ಹಾಕಿ ತಿರುಗಿಸಿದಾಗ ಇಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಹೆಂಚು ಅದುರಿ ಜಂತೆಯ ಧೂಳೆಲ್ಲ ಅನ್ನದ ಮಡಕೆಗೆ ಬಿತ್ತು. ಚನ್ನಾಜಮ್ಮ ಆ ಅನ್ನವನ್ನೇ ಬಡಿಸಿದಳು, ಅವನು ಅದನ್ನೇ ಉಂಡ.

ಇನ್ನು ಓಡಿಸುವುದು ಕಲಿಯಬೇಕು. ನೀರು ಬತ್ತಿದ್ದ ಕೆರೆಯಂಗಳಕ್ಕೆ ಪುಟ್ಟಸಿದ್ದಯ್ಯ ಕರೆದುಕೊಂಡು ಹೋದ. ಎಡಗಾಲಿಗೆ ಕ್ಲಚ್ಚು, ಬಲಗಾಲಿಗೆ ಬ್ರೇಕು, ಅದರ ಪಕ್ಕ ಎಕ್ಸ್‌ಲೇಟರು. ಗಾಡಿ ಹೊರಡುವಾಗ ಎಡಗಾಲನ್ನು ಮೆಲ್ಲಗೆ ಎತ್ತುತ್ತಾ ಬಲಗಾಲಲ್ಲಿ ಎಕ್ಸ್‌ಲೇಟರು ಒತ್ತಬೇಕು. ಹೊಸಬರಿಗೆ ಇದು ತಿಂಗಳಾದರೂ ಬರುವುದಿಲ್ಲ, ಗಾಡಿ ಕುಪ್ಪಳಿಸುತ್ತದೆ. ಶಿವನಂಜಯ್ಯ ಮೊದಲನೇ ಸಲಕ್ಕೇ ಹಾಲು ಸುರಿದ ಹಾಗೆ ಹೊರಡಿಸಿದ. ಪುಟ್ಟಸಿದ್ದಯ್ಯನ ಬಾಯಿಂದ ಬೀಡಿ ಬಿದ್ದುಹೋಯಿತು.

"ಅಲಲಲಾ! ಅಣ್ಣಯ್ಯ, ಎಲ್ಲಿ ಕಲ್ತ್ರಿ ಇದ್ನ?"

ಎಲ್ಲಿ ಕಲಿತ ಅಂತ ಗೊತ್ತಾದದ್ದು ನಿಲ್ಲಿಸುವಾಗ. ನಿಲ್ಲಿಸಬೇಕಾದರೆ ಎರಡು ಕಾಲನ್ನೂ ಒಟ್ಟಿಗೆ ಒತ್ತಬೇಕು, ಎಡಗಾಲಲ್ಲಿ ಕ್ಲಚ್ಚು, ಬಲಗಾಲಲ್ಲಿ ಬ್ರೇಕು. ಶಿವನಂಜಯ್ಯ ಬಲಗಾಲು ಒತ್ತಿದ. ಎಡಗಾಲು ತಾನೇ ತಾನಾಗಿ ಮೇಲೆದ್ದಿತು. ಗಾಡಿ ಮುಗ್ಗರಿಸಿ, ಇಬ್ಬರ ಹಣೆಯೂ ಮುಂದಿನ ಗಾಜಿಗೆ ಬಡಿದು, ಇಂಜಿನ್ನು ಸತ್ತಿತು.

"ಎರಡ್ ಕಾಲೂವೆ ಒತ್ತಿ ಅಣ್ಣಯ್ಯ, ಒಟ್ಗೆ!"

"ಒತ್ತುತಾ ಇವ್ನಿ ಕಣ್ಲಾ!"

"ಎಲ್ಲಿ ಒತ್ತೀರಿ? ನೋಡ್ಕಳಿ, ಎಡಗಾಲು ಆಕಾಸ್ಕ ಎದ್ದದ!"

ನೋಡಿಕೊಂಡ. ಹೌದು, ಎದ್ದಿತ್ತು. ಒತ್ತಿಯೇ ಇದ್ದೇನೆ ಅಂತ ಅವನು ದೇವರಾಣೆ ಇಡಲು ತಯಾರಿದ್ದ, ಕಾಲು ಮಾತ್ರ ಮೇಲಿತ್ತು. ಇಪ್ಪತ್ತೊಂಬತ್ತು ವರ್ಷ ಬಲ ಇಳಿದರೆ ಎಡ ಏಳಬೇಕು ಅಂತ ಕಲಿತ ಕಾಲು ಅದು. ನಿದ್ದೆಯಲ್ಲೂ ಅವನ ಕಾಲು ಕಂಬಳಿಯೊಳಗೆ ಒಂದು ಬಿಟ್ಟು ಒಂದು ಆಡುತ್ತದೆ ಅಂತ ಚನ್ನಾಜಮ್ಮ ಎಷ್ಟೋ ಸಲ ಹೇಳಿ ನಕ್ಕಿದ್ದಳು. ಆಗ ಅದು ನಗುವ ಮಾತಾಗಿತ್ತು. ಎರಡು ತಿಂಗಳು ಪಾಡು ಪಟ್ಟ. ಎಡಗಾಲಿಗೆ ಮರಳಿನ ಚೀಲ ಕಟ್ಟಿಕೊಂಡ. ಮನೆಯಲ್ಲಿ ಎರಡು ಇಟ್ಟಿಗೆ ಇಟ್ಟುಕೊಂಡು ಒಟ್ಟಿಗೆ ತುಳಿಯುವುದನ್ನು ಅಭ್ಯಾಸ ಮಾಡಿದ. ಇಟ್ಟಿಗೆಯ ಮೇಲೆ ಬರುತ್ತಿತ್ತು, ಗಾಡಿಯಲ್ಲಿ ಬರುತ್ತಿರಲಿಲ್ಲ. ಯೋಚಿಸಿದರೆ ಬರುತ್ತಿತ್ತು, ಎಮ್ಮೆ ಅಡ್ಡ ಬಂದರೆ ಬರುತ್ತಿರಲಿಲ್ಲ. ಎಮ್ಮೆಗಳು ಯೋಚಿಸಲು ಪುರುಸೊತ್ತು ಕೊಡುತ್ತವೆಯೇ?

ಕೊಯಮತ್ತೂರಿನಿಂದ ಮೂರು ತಿಂಗಳಿಗೊಮ್ಮೆ ಬ್ರೇಕ್ ಇನ್ಸ್‌ಪೆಕ್ಟರು ಬರುತ್ತಿದ್ದರು. ಮುಸಾಫರಖಾನೆಯ ಬಯಲಿನಲ್ಲಿ ಮೇಜು ಹಾಕಿಸಿಕೊಂಡು ಕೂತು, ಗಾಡಿಗೆ ಸರ್ಟಿಫಿಕೇಟು, ಡ್ರೈವರಿಗೆ ಲೈಸೆನ್ಸು ಕೊಡುತ್ತಿದ್ದರು. ತಮಿಳರು, ಕನ್ನಡವೂ ಬರುತ್ತಿತ್ತು, ಅವಸರಕ್ಕೆ ತಮಿಳೇ. ಶಿವನಂಜಯ್ಯನ ಸರದಿ ಬಂದಾಗ ಪಕ್ಕದಲ್ಲಿ ಕೂತರು. ಗಾಡಿ ಹೊರಟ ಚೆಂದಕ್ಕೆ ತಲೆಯಾಡಿಸಿದರು. ಬೇಲಿಯ ಹತ್ತಿರ ಬಂದಾಗ ನಿಲ್ಲಿಸು ಅಂತ ತಮಿಳಿನಲ್ಲಿ, "ನಿರುತ್ತು!" ಅಂದರು. ಗಾಡಿ ಎಗರಿ ಬೇಲಿಗೆ ಮೂತಿ ಹಾಕಿ ನಿಂತಿತು. ಅವರ ಟೋಪಿ ಕಳ್ಳಿಗಿಡದ ಮೇಲೆ ಬಿತ್ತು. ಇಳಿದು, ಟೋಪಿಯ ಮುಳ್ಳು ಕೀಳುತ್ತಾ, ಅವನ ಕಾಲನ್ನೇ ನೋಡಿದರು.

"ಏನು ಕಸುಬು?"

"ಸೀರೆ ನೇಯ್ತಿದ್ದೆ ಸಾ."

"ಈಗಲೂ ಅದೇ ಮಾಡ್ತಿದ್ದೀಯಲ್ಲಪ್ಪ," ಅಂದರು ಅವರು. "ನೀನು ಮೋಟಾರು ಓಡಿಸ್ತಾ ಇಲ್ಲ, ಮಗ್ಗ ಓಡಿಸ್ತಾ ಇದ್ದೀಯ. ಮುಂದಿನ ಸಲ ಬಾ."

ಬಯಲಿನ ಜನವೆಲ್ಲ ನಕ್ಕರು. ಅವನಿಗೆ ಅಲ್ಲೇ ಕುಣಿ ತೋಡಿಕೊಂಡು ಇಳಿದುಬಿಡೋಣ ಅನ್ನಿಸಿತು. ಯಳಂದೂರಿನಿಂದ ಬಂದಿದ್ದ ಚನ್ನಾಜಮ್ಮನ ತಮ್ಮ, "ಬಾವ, ನಮ್ಮೂರ್ ಇಳಾಸ ಕೊಟ್ಟು ಮೈಸೂರ್ ಸರ್ಕಾರ್ದಲ್ಲಿ ಲೈಸನ್ಸ್ ತಕಳಿ. ಅಲ್ಲಿ ಇವ್ರ ಮಾತು ನಡಿಯಲ್ಲ" ಅಂದ. ಶಿವನಂಜಯ್ಯ ಅವನ ಮುಖ ನೋಡಿ, "ಸರ್ಕಾರ ಬ್ಯಾರೆ ಆದ್ರ ಕಾಲು ಬ್ಯಾರೆ ಆದವ?" ಅಂದು ಗಾಡಿ ತಳ್ಳಿಸಿಕೊಂಡು ಮನೆಗೆ ಬಂದ.

ಮೂರು ದಿನ ಜಗಲಿಯಲ್ಲಿ ಸುಮ್ಮನೆ ಕೂತಿದ್ದ. ನಾಲ್ಕನೇ ದಿನ ಎದ್ದು ಮತ್ತೆ ಕುಣಿಗೆ ಇಳಿದ. ಅವನ ತಲೆಗೆ ಹೊಳೆದದ್ದು ಇಷ್ಟು: ಕಾಲು ಬದಲಾಗುವುದಿಲ್ಲ, ಗಾಡಿ ಬದಲಾಗಬಹುದು. ಮಗ್ಗದಲ್ಲಿ ಒಂದು ಮಣೆ ತುಳಿದರೆ ಎಷ್ಟು ದಾರ ಬೇಕಾದರೂ ಒಟ್ಟಿಗೆ ಎಳೆಯಬಹುದು, ಕಟ್ಟುವುದು ಗೊತ್ತಿರಬೇಕು. ಹಾಗಾದರೆ ಬ್ರೇಕು ತುಳಿದರೆ ಅದೇ ಕ್ಲಚ್ಚನ್ನೂ ಏಕೆ ಎಳೆಯಬಾರದು? ಆ ಹಳೇ ಗಾಡಿಯ ಬ್ರೇಕೆಲ್ಲ ಕಬ್ಬಿಣದ ಸರಳುಗಳ ಮೇಲೆ ನಡೆಯುತ್ತಿದ್ದದ್ದು. ಆಚಾರಿಯ ಹತ್ತಿರ ಒಂದು ಸರಳು ಬಡಿಸಿ, ಈ ಸಲ ದಾರದಲ್ಲಿ ಅಳತೆ ಕೊಟ್ಟು, ಅಡಿಯಲ್ಲಿ ಎರಡು ಪೆಡಲನ್ನೂ ಸೇರಿಸಿದ. ಬಲಗಾಲು ಒತ್ತಿದರೆ ಬ್ರೇಕು ಹಿಡಿಯುತ್ತದೆ, ಕ್ಲಚ್ಚು ಯಾರೂ ಮುಟ್ಟದೆ ತಾನೇ ಕೆಳಗೆ ಹೋಗುತ್ತದೆ. ಎಡಗಾಲು ಎಲ್ಲಿಗೆ ಬೇಕಾದರೂ ಹೋಗಲಿ, ಮಹದೇಶ್ವರನ ಬೆಟ್ಟಕ್ಕೇ ಹೋಗಲಿ!

ಕೆರೆಯಂಗಳದಲ್ಲಿ ಗಾಡಿ ನಿಂತಿತು. ಎಮ್ಮೆ ಅಡ್ಡ ಬಂದರೂ ನಿಂತಿತು. ಬಲ ಕೆಳಗೆ, ಎಡ ಮೇಲೆ, ಇಂಜಿನ್ನು ಮಾತ್ರ ಸಾಯದೆ ಗುರುಗುಟ್ಟುತ್ತಿತ್ತು. ಶಿವನಂಜಯ್ಯ ಅವತ್ತು ಹಾಡು ಹೇಳಿಕೊಂಡು ಮನೆಗೆ ಬಂದ, ಅವನು ಹಾಡುತ್ತಾನೆ ಅಂತಲೇ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾರನೇ ದಿನ ಚನ್ನಾಜಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಗಳದಲ್ಲಿ ಹತ್ತು ಸುತ್ತು ಹೊಡೆದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಪುಟ್ಟಸಿದ್ದಯ್ಯನೂ ಒಂದು ಸುತ್ತು ಓಡಿಸಿ ನೋಡಿದ. ಇಳಿದವನು ಅಡಿಗೆ ಬಗ್ಗಿ ಆ ಸರಳನ್ನು ಬಹಳ ಹೊತ್ತು ನೋಡಿ, "ನಿಮ್ ಕಾಲ್ಗ ಸರಿಯಾಗದ ಅಣ್ಣಯ್ಯ" ಅಂದ. ಅಷ್ಟೇ ಅಂದ.

ಎರಡನೇ ಸಲ ಇನ್ಸ್‌ಪೆಕ್ಟರು ಬಂದಾಗ ಟೋಪಿಯನ್ನು ಮೊದಲೇ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಗಾಡಿ ಹತ್ತಿದರು. ಬಯಲಿನಲ್ಲಿ ನಾಲ್ಕು ಸಲ ನಿಲ್ಲಿಸು ಅಂದರು, ನಾಲ್ಕು ಸಲವೂ ನಿಂತಿತು. ಶಿವನಂಜಯ್ಯನ ಎದೆ ಉಬ್ಬಿತು. ಆಮೇಲೆ ಅವರು ಕೆರೆ ಏರಿಯ ಕಡೆ ಕೈ ತೋರಿಸಿದರು. "ಹತ್ತು. ಹತ್ತಿ ಆ ಕಡೆ ಇಳಿ. ಮೆಲ್ಲಗೆ."

ಹತ್ತಿದ. ಇಳಿಯುವಾಗ ಗಾಡಿ ಚೂರು ಜೋರಾಯಿತು ಅಂತ ಬ್ರೇಕನ್ನು ಹಗುರಾಗಿ ಮುಟ್ಟಿದ. ಕ್ಲಚ್ಚೂ ಜೊತೆಗೆ ಇಳಿಯಿತು. ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿಟ್ಟುಕೊಳ್ಳುವುದು ಇಂಜಿನ್ನು. ಕ್ಲಚ್ಚು ಇಳಿದರೆ ಆ ಹಿಡಿತ ಬಿಟ್ಟುಹೋಗುತ್ತದೆ. ಹಳೇ ಬ್ರೇಕು ಒಂದೇ ಎಷ್ಟು ತಡೆದೀತು? ಗಾಡಿ ಕಿತ್ತುಕೊಂಡು ಓಡಿತು. ಅವನು ಗಾಬರಿಯಾಗಿ ಇನ್ನೂ ಒತ್ತಿದ, ಎಡಗಾಲು ಮೇಲೆದ್ದು ನಿಂತಿತ್ತು. ಇನ್ಸ್‌ಪೆಕ್ಟರು ಎರಡು ಕೈಯಲ್ಲೂ ಹ್ಯಾಂಡ್ ಬ್ರೇಕು ಎಳೆದ ಮೇಲೆ ಗಾಡಿ ಏರಿಯ ಕೆಳಗಿನ ಕೆಸರಿನಲ್ಲಿ ಹೂತು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮಗ್ಗಕ್ಕೆ ಇಳಿಜಾರು ಅನ್ನುವುದೇ ಇಲ್ಲ. ಅದು ಅವನ ತಲೆಗೆ ಬಂದೇ ಇರಲಿಲ್ಲ.

ಅವರು ಬೈಯುತ್ತಾರೆ ಅಂದುಕೊಂಡ. ಬೈಯಲಿಲ್ಲ. ಕೆಸರಿನಲ್ಲೇ ಬಗ್ಗಿ ಅಡಿಯಲ್ಲಿ ಕೈಯಾಡಿಸಿ, ಆ ಸರಳು ಹಿಡಿದು ಅಲ್ಲಾಡಿಸಿದರು.

"ಇದನ್ನ ನೀನೇ ಮಾಡಿದ್ದಾ?"

"ಊ ಸಾ."

"ಗಾಡಿ ಪೂರಾ ನೀನೇ ಕಟ್ಟಿದ್ದಾ?"

"ಊ ಸಾ."

"ಚೆನ್ನಾಗಿ ಕಟ್ಟಿದ್ದೀಯ," ಅಂದರು ಅವರು, ಕೈ ಒರೆಸಿಕೊಳ್ಳುತ್ತಾ. "ಈ ಸರಳು ತೆಗಿ, ಗಾಡಿಗೆ ಇವತ್ತು ಸಾಯಂಕಾಲವೇ ಸರ್ಟಿಫಿಕೇಟು ಕೊಡ್ತೀನಿ. ನಿನಗೆ ಕೊಡಲ್ಲ. ಇವತ್ತೂ ಕೊಡಲ್ಲ, ಮುಂದಿನ ಸಲವೂ ಕೊಡಲ್ಲ. ನಾಳೆ ಹನೂರಿನಾಚೆ ಘಾಟಿಯಲ್ಲಿ ನಾನು ಪಕ್ಕದಲ್ಲಿ ಇರಲ್ಲ. ಡ್ರೈವರ್ ಇಟ್ಟುಕೋ."

ಗಾಡಿಯನ್ನು ಎತ್ತು ಕಟ್ಟಿ ಎಳೆಸಿ ಮತ್ತೆ ಕುಣಿಯ ಮೇಲೆ ನಿಲ್ಲಿಸಿದರು. ಶಿವನಂಜಯ್ಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ, ಇಳಿಯಲು ಮನಸ್ಸಾಗಲಿಲ್ಲ.

"ಇಳಿಜಾರ್ನಲ್ಲಿ ಇಂಗಾಯ್ತದ ಅಂತ ನಿಂಗ ಗೊತ್ತಿತ್ತೇನ್ಲಾ ಸಿದ್ದಯ್ಯ?" ಅಂತ ಕೇಳಿದ.

ಪುಟ್ಟಸಿದ್ದಯ್ಯ ನೆಲ ನೋಡಿದ. "ಗೊತ್ತಿತ್ತು ಅಣ್ಣಯ್ಯ. ಬರ್ಮಾ ಘಾಟೀಲಿ ಓಡ್ಸಿದೋನ್ಗ ಗೊತ್ತಾಗದಿಲ್ವ? ಅವತ್ತು ನೀವು ಪದ ಆಡ್ಕಂಡು ಓಯ್ತಿದ್ರಲ್ಲ, ಯೋಳಕ್ಕ ಬಾಯಿ ಬರ್ನಿಲ್ಲ. ಬಯಲ್ನಲ್ಲೇ ಪಾಸ್ ಮಾಡ್ಬುಡ್ತಾರ ಅಂತಿದ್ದೆ. ಘಾಟಿ ಬಂದಾಗ ನಾನ್ ಓಡ್ಸಿದ್ರಾಯ್ತು ಅಂತಿದ್ದೆ. ನಂದು ತಪ್ಪು. ನಾ ಬಿಚ್ತೀನಿ, ನೀವು ಕೂತ್ಕಳಿ."

"ಬ್ಯಾಡ," ಅಂದ ಶಿವನಂಜಯ್ಯ. "ಕಟ್ಟಿದೋನು ನಾನು."

ಇಳಿದ. ಮೂರು ತಿಂಗಳು ಕೂತು ಜೋಡಿಸಿದ್ದ ಸರಳು ಹತ್ತು ನಿಮಿಷದಲ್ಲಿ ಕೈಗೆ ಬಂತು. ಅದನ್ನು ಹಿಡಿದುಕೊಂಡು ಅಲ್ಲೇ ನಿಂತು ಅತ್ತ, ಜೋರಾಗಿಯೇ ಅತ್ತ. ಮೇಲೆ ನಿಂತಿದ್ದವರಿಗೆ ಗಾಡಿಯ ಅಡಿಯಿಂದ ಸದ್ದು ಮಾತ್ರ ಕೇಳುತ್ತಿತ್ತು. ಪುಟ್ಟಸಿದ್ದಯ್ಯ ಗಾಡಿಯನ್ನು ಬಯಲಿಗೆ ಕೊಂಡೊಯ್ದು ಸಂಜೆಯೊಳಗೆ ಸರ್ಟಿಫಿಕೇಟು ತಂದ.

ಮೊದಲನೇ ಬಾಡಿಗೆ ಹನೂರಿನಾಚೆಯ ಕೌದಳ್ಳಿಗೆ. ರೇಷ್ಮೆಗೂಡಿನ ಮಂಕರಿ ತುಂಬಿಕೊಂಡು ಬರಬೇಕು. ಪುಟ್ಟಸಿದ್ದಯ್ಯ ಚಕ್ರ ಹಿಡಿದ. ಶಿವನಂಜಯ್ಯ ಎಡಗಡೆ ಸೀಟಿನಲ್ಲಿ, ಟವಲು ಮಡಿಚಿ ಮಂಡಿಗೆ ಸುತ್ತಿಕೊಂಡು ಕೂತ. ಹನೂರಿನಲ್ಲಿ ಗುರುಮಲ್ಲಪ್ಪನವರು ಬೀದಿಗೆ ಬಂದು ನಿಂತು, ತಮ್ಮ ಮುರುಕಲು ಬಸ್ಸು ಗಿಳಿಹಸಿರು ಸೀರೆಯುಟ್ಟು ಬಂದದ್ದನ್ನು ನೋಡಿ ಕೈ ಮುಗಿದರು. "ಡ್ರೈವರ್ ನೀನೇ ಅಂತಿದ್ದೆಯಲ್ಲ?" ಅಂತ ಕೇಳಿದರು. "ಇಲ್ಲ ಸ್ವಾಮಿ, ನಾನು ಓನರು" ಅಂದ ಅವನು. ಮುಂದೆ ಇಳಿಜಾರು ಬಂದಾಗಲೆಲ್ಲ ಪುಟ್ಟಸಿದ್ದಯ್ಯ ಎರಡು ಕಾಲನ್ನೂ ಒಟ್ಟಿಗೆ ಒತ್ತಿ ಸಣ್ಣ ಗೇರಿಗೆ ಹಾಕುತ್ತಿದ್ದ. ಎಡಗಡೆ ಬರಿಯ ಹಲಗೆಯ ಮೇಲೆ ಶಿವನಂಜಯ್ಯನ ಬಲಗಾಲು ಇಳಿಯುತ್ತಿತ್ತು, ಎಡಗಾಲು ಏಳುತ್ತಿತ್ತು. ಪುಟ್ಟಸಿದ್ದಯ್ಯ ನೋಡಿದ, ನಗು ಬಂತು, ನಗಲಿಲ್ಲ.

ಮೂರನೇ ಬಾಡಿಗೆ ಮುಗಿಸಿ ಬಂದ ದಿನ ಮನೆಯಲ್ಲಿ ಚನ್ನಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಣ್ಣು ಹೊರುತ್ತಿದ್ದಳು. ಮೂರು ವರ್ಷದ ಹಿಂದೆ ಅವನು ಕೆಡವಿದ ಗೋಡೆಯ ಮಣ್ಣು ಮನೆಯ ಮಗ್ಗುಲಲ್ಲಿ ಗುಡ್ಡೆಯಾಗಿ ಬಿದ್ದಿತ್ತಲ್ಲ, ಅದನ್ನೇ ಮಂಕರಿಯಲ್ಲಿ ತಂದು ಕುಣಿಗೆ ಸುರಿಯುತ್ತಿದ್ದಳು. ಅರ್ಧ ತುಂಬಿತ್ತು.

"ಏನಿದು?" ಅಂದ.

"ಗಾಡಿ ರಿಪೇರಿ ಇನ್ಮ್ಯಾಲ ಕುಲ್ಮೆ ತಾವ ಅಂತ ಸಿದ್ದಯ್ಯ ಯೋಳವ್ನ. ಇನ್ ಯಾರ್ಗಿದು? ನಿಮ್ಮಪ್ಪನ್ಗ ಆಯ್ತು, ನಿಮ್ಗ ಆಯ್ತು. ಸಾಕು."

ಅವನೂ ಸನಿಕೆ ಹಿಡಿದ. ಮಣ್ಣು ಅಂಚಿಗೆ ಬಂದ ಮೇಲೆ ಸಡಿಲ ಬಿಡಬಾರದು, ತುಳಿದು ಗಟ್ಟಿ ಮಾಡಬೇಕು. ಶಿವನಂಜಯ್ಯ ನೀರು ಚಿಮುಕಿಸಿ ಮಣ್ಣಿನ ಮೇಲೆ ನಿಂತ. ಬಲಗಾಲು ಒತ್ತಿದ, ಎಡಗಾಲು ಎದ್ದಿತು. ಎಡಗಾಲು ಒತ್ತಿದ, ಬಲಗಾಲು ಎದ್ದಿತು. ಮಣ್ಣು ಸಮವಾಗಿ, ಚಾಪೆಯ ಹಾಗೆ ಕೂರತೊಡಗಿತು. ಕಾಲಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಚನ್ನಾಜಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಳು. "ನಿಮ್ ಕಾಲ್ಗ ಸರ್ಯಾದ್ ಕೆಲ್ಸ ಇವತ್ತು ಸಿಕ್ತು ನೋಡಿ. ಇದ್ಕ ಯಾವ ಇನ್ಸ್‌ಪೆಟ್ರೂ ಲೈಸನ್ಸ್ ಕೇಳದಿಲ್ಲ."

ಅವನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು, ಬೇಗ ಮುಗಿಯಲಿಲ್ಲ. ನಗುತ್ತಾ ತುಳಿದ, ಬೆವರು ಸುರಿಸುತ್ತಾ ತುಳಿದ. ಮಣ್ಣು ಗಟ್ಟಿಯಾಗಿ ಅಕ್ಕಪಕ್ಕದ ನೆಲಕ್ಕೆ ಸಮನಾಯಿತು, ಸಗಣಿ ಸಾರಿಸಿಬಿಟ್ಟರೆ ಕುಣಿ ಇದ್ದದ್ದು ಗೊತ್ತಾಗದಷ್ಟು ಸಮನಾಯಿತು. ಆದರೂ ತುಳಿಯುತ್ತಲೇ ಇದ್ದ. ಮಂಡಿ ಹಿಡಿದುಕೊಂಡು ಮುಖ ಕಿವಿಚಿದರೂ ಬಿಡಲಿಲ್ಲ.

"ಸಾಕು, ಮಣ್ಣು ಕೂತ್ಕತು. ನಿಲ್ಸಿ," ಅಂದಳು.

"ನಿಲ್ಸದೊಂದೇ ಕಣೆ, ನಂಗ ಬರ್ದೇ ಇರದು," ಅಂದ ಶಿವನಂಜಯ್ಯ.

ಚನ್ನಾಜಮ್ಮ ಮಂಕರಿ ಕೆಳಗಿಟ್ಟು ಬಂದು, ಅವನ ಎರಡು ರಟ್ಟೆಯನ್ನೂ ಬಿಗಿಯಾಗಿ ಹಿಡಿದು ನಿಲ್ಲಿಸಿದಳು.